ನೂರೈವತ್ತು ತಲೆ

ಜಿಲ್ಲಾ ಕಚೇರಿಯಿಂದ ಬಂದ ಕಾಗದದಲ್ಲಿ ಇದ್ದದ್ದು ಎರಡೇ ಮಾತು. ಭಾನುವಾರ ಜನಗಣತಿ. ನೂರೈವತ್ತು ತಲೆ ಸಿಗದ ಊರು ಇನ್ನು ಊರಲ್ಲ, ಪಕ್ಕದೂರಿನ ಕೇರಿ.

ಕಾನಿಸಾರಿನ ಮುಖ್ತಾರ, ಅಂದರೆ ಊರ ಮುಖಂಡ, ತೆಮೋ ಅದನ್ನು ಮೂರು ಸಲ ಓದಿದ. ಊರಲ್ಲಿದ್ದದ್ದು ನೂರ ಹನ್ನೆರಡು ಜನ. ಊರು ಕೇರಿಯಾದರೆ ಮುಖ್ತಾರನಿಲ್ಲ. ಹದಿನೆಂಟು ವರ್ಷದಿಂದ ಅವನ ಕೊರಳಲ್ಲಿ ತೂಗುತ್ತಿದ್ದ ಹಿತ್ತಾಳೆಯ ಮೊಹರೂ ಇಲ್ಲ. ಮೊಹರಿಲ್ಲದ ತೆಮೋ ಅಂದರೆ ಕೊಂಬು ಕಳೆದ ಟಗರು.

ಕೊನೆಗೊಂದು ಉಪಾಯ ಹೊಳೆಯಿತು. ಗುಡ್ಡದ ಮೇಲಿನ ಬನೋಕಿನಲ್ಲಿ ನೂರ ಎಪ್ಪತ್ತು ಜನ. ಅಲ್ಲಿನ ಮುಖ್ತಾರ ರೆಶೋ, ತೆಮೋನ ಹೆಂಡತಿ ಪೆರೀಶಾನಳ ಅಣ್ಣ. ಮಗನ ಸುನ್ನತಿ ಊಟವೆಂದು ತೆಮೋ ಶನಿವಾರವೇ ಅಲ್ಲಿಂದ ನಲವತ್ತು ಜನರನ್ನು ಕರೆಸಿ, ಐದು ಕುರಿ ಕಡಿಸಿದ.

"ಹೋದ ವರ್ಷವೇ ಆಗಿತ್ತಲ್ಲೋ ಸುನ್ನತಿ?" ಎಂದ ರೆಶೋ, ಮೂಳೆ ಚೀಪುತ್ತ.

"ಇದು ಅದರ ವಾರ್ಷಿಕ, ಭಾವ."

ನಮ್ಮಲ್ಲಿ ಉಪ್ಪು ತಿಂದ ನೆಂಟ, ಮನೆಯ ಯಜಮಾನ 'ಹೋಗಿ ಬನ್ನಿ' ಅನ್ನುವವರೆಗೆ ಎದ್ದು ಹೋಗುವಂತಿಲ್ಲ. ತೆಮೋ ಅನ್ನಲೇ ಇಲ್ಲ; ರಾತ್ರಿ ಅವರನ್ನು ಮನೆಮನೆಗೆ ಹಂಚಿ ಮಲಗಿಸಿದ. ಭಾನುವಾರ ಬೆಳಗಾಯಿತು. ಸಂಜೆ ಸೀಟಿ ಊದುವವರೆಗೆ ಯಾರೂ ಹೊಸ್ತಿಲು ದಾಟಬಾರದು, ಎಲ್ಲಿದ್ದೀರೋ ಅಲ್ಲೇ ಲೆಕ್ಕ ಎಂದು ಸಿಪಾಯಿಗಳು ಸಾರಿದರು.

ಎಣಿಸಲು ಬಂದವನು ಪೇಟೆಯ ಮೇಷ್ಟ್ರು; ಮನೆ ತೋರಿಸಲು ಜೊತೆಗೆ ತಿರುಗಲು ಮುಖ್ತಾರನಿಗೆ ಮಾತ್ರ ಅಪ್ಪಣೆ. ಮೊದಲ ಮನೆಯಲ್ಲೇ ಎಡವಟ್ಟು. ಖಜಾಲ್ ಅಜ್ಜಿ ಸರಕಾರದ ಪುಸ್ತಕ ನೋಡಿದ್ದೇ ಮೂವರು ಮೊಮ್ಮಕ್ಕಳನ್ನು ಹುಲ್ಲಿನ ಮೆದೆಯೊಳಗೆ ತುರುಕಿದ್ದಳು.

"ಗಂಡು ಹುಡುಗರೇ ಇಲ್ಲಪ್ಪ ನಮ್ಮನೇಲಿ. ನಾನೊಬ್ಬಳು, ಈ ಮೇಕೆ ಒಂದು."

"ಇದ್ದಾರೆ ಸ್ವಾಮಿ! ಮೂವರಿದ್ದಾರೆ!" ತೆಮೋ ಮೆದೆಯೊಳಗೆ ಕೈ ಹಾಕಿ ಒಬ್ಬೊಬ್ಬರನ್ನೇ ಮೂಲಂಗಿ ಕಿತ್ತಂತೆ ಎಳೆದ.

"ನಿನ್ನ ಮೀಸೆಗೆ ಬೆಂಕಿ ಬೀಳ! ಹದಿನೆಂಟು ವರ್ಷ ನೀನೇ ಬಚ್ಚಿಡಿ ಅಂತಿದ್ದೆ, ಮಿಲಿಟ್ರಿಗೆ ಹಿಡ್ಕೊಂಡು ಹೋಗ್ತಾರೆ ಅಂತ. ಇವತ್ತು ನೀನೇ ಹಿಡಿದು ಕೊಡ್ತೀಯಾ?"

ಅಜ್ಜಿಯ ಕೈಯಲ್ಲಿದ್ದ ಲಟ್ಟಣಿಗೆ ತೆಮೋನ ಹಣೆಯ ಮೇಲೆ ತನ್ನ ಮೊಹರು ಒತ್ತಿತು.

ನಾಲ್ಕನೇ ಮನೆಯಲ್ಲಿ ಮೇಷ್ಟ್ರು ಒಬ್ಬನನ್ನು ದಿಟ್ಟಿಸಿದ. "ಇವನನ್ನ ಆಚೆ ಮನೇಲೂ ನೋಡಿದೆನಲ್ಲ?"

ಅವನು ಬನೋಕಿನವನು; ಅಲ್ಲಿ ಚಹಾ ಮುಗಿಯಿತೆಂದು ಮಾಡು ಹತ್ತಿ ಇಲ್ಲಿಗೆ ಇಳಿದಿದ್ದ.

"ಈ ಊರಲ್ಲಿ ಎಲ್ಲರಿಗೂ ಅದೇ ಮೂಗು ಸ್ವಾಮಿ," ಎಂದ ತೆಮೋ, ಬೆವರು ಒರೆಸಿಕೊಳ್ಳುತ್ತ.

ಮೇಷ್ಟ್ರು ತೆಮೋನ ಮೂಗನ್ನೂ ಒಮ್ಮೆ ನೋಡಿ, ಅರ್ಧ ನಂಬಿ, ಆದರೂ ಆಚೆ ಮನೆಯಲ್ಲಿ ಕಂಡ ಆ ಒಬ್ಬನನ್ನು ಬಿಟ್ಟು ಉಳಿದವರನ್ನು ಬರೆದುಕೊಂಡ.

ಸಂಜೆಗೆ ಮೊತ್ತ ಬಂತು: ನೂರ ಐವತ್ತೆರಡು. ತೆಮೋ ಮೇಷ್ಟ್ರ ಎರಡೂ ಕೆನ್ನೆಗೆ ಮುತ್ತಿಟ್ಟ. ಸಿಪಾಯಿಗಳು ಸೀಟಿ ಊದಿದರು. ಎಲ್ಲರೂ ತೆಮೋನ ಅಂಗಳಕ್ಕೆ ಬಂದರು.

ಅಷ್ಟರಲ್ಲಿ ಗುಡ್ಡದಿಂದ ಜೀಪು ಇಳಿಯಿತು. ಬನೋಕನ್ನು ಎಣಿಸಿದ ಇನ್ನೊಬ್ಬ ಮೇಷ್ಟ್ರು ಕಿಟಕಿಯಿಂದ ಕೂಗಿದ. "ಮುಖ್ತಾರರೇ, ಮೇಲಿನ ಊರಲ್ಲಿ ನೂರ ಮೂವತ್ತೇ ಸಿಕ್ತು! ಕೇರಿಯಾಯ್ತು. ನಿಮ್ಮೂರಿಗೇ ಸೇರುತ್ತೆ. ಎರಡೂ ಸೇರಿ ಇನ್ನು ಒಂದೇ ಊರು. ಈ ತಿಂಗಳೊಳಗೆ ಹೊಸ ಮುಖ್ತಾರನ ಚುನಾವಣೆ ಆಗಬೇಕು."

ಕೂಡುವ ಲೆಕ್ಕವನ್ನು ಹತ್ತು ಸಲ ಮಾಡಿದ್ದ ತೆಮೋಗೆ ಕಳೆಯುವ ಲೆಕ್ಕ ಹೊಳೆದದ್ದು ಆಗಲೇ. ಬನೋಕಿನ ನಲವತ್ತು ಜನ ಅವನಂಗಳದಲ್ಲಿ ತೇಗುತ್ತಿದ್ದರು. ಚುನಾವಣೆಯ ದಿನ ಅವರೆಲ್ಲ ಬನೋಕಿನವರೇ. ಅವರು ನೂರ ಎಪ್ಪತ್ತು, ಇವರು ನೂರ ಹನ್ನೆರಡು.

ರೆಶೋ ಮೀಸೆ ನೀವಿಕೊಂಡು ಎದ್ದ. "ನಿಲ್ಲು ಅಂತ ಜನ ಬಲವಂತ ಮಾಡಿದ್ರೆ ನಾನೇನು ಮಾಡ್ಲಿ ತೆಮೋ? ನಿನ್ನೂರಿನ ಓಟು ನಿನಗೇ ಇರಲಿ ಬಿಡು."

ತೆಮೋ ಆಸರೆಗೆಂದು ಹೆಂಡತಿಯ ಕಡೆ ತಿರುಗಿದ. ಪೆರೀಶಾನ್ ಚಹಾದ ಲೋಟಗಳನ್ನು ಎತ್ತುತ್ತ, ತಲೆ ಎತ್ತದೆಯೇ ಅಂದಳು:

"ನನ್ನ ನೋಡಬೇಡಿ. ಒಡಹುಟ್ಟಿದ ಅಣ್ಣ ನಿಂತಾಗ ಬೇರೆಯವರಿಗೆ ಹಾಕೋಕೆ ಆಗುತ್ತಾ?"