ಬೆರಳು ಮೇಸ್ತ್ರಿಯ ಮರದ ಕೈಗಳು

ಇಷ್ಟೆಲ್ಲ ರಗಳೆಗೆ ಕಾರಣ ಯಜಮಾನರ ಹೆಬ್ಬೆರಳು. ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೊರಟವರು ಕಾರಿನ ಗಾಜು ಇಳಿಸಿ, "ಷೋರೂಮಿನ ಕೈಗಳನ್ನ ನೀನೇ ಚೆನ್ನಾಗಿ ಜೋಡಿಸಿಡು ಮೇಸ್ತ್ರಿ. ಬರ್ತಿರೋದು ಹೊರದೇಶದ ದೊಡ್ಡ ಗಿರಾಕಿ. ಈ ಆರ್ಡರ್ ಸಿಕ್ಕಿದ್ರೆ ನಿನ್ನ ವಿಭಾಗ ಉಳೀತು ಅಂತ ತಿಳ್ಕೊ" ಎಂದು ಹೇಳಿ, ಹೆಬ್ಬೆರಳು ಎತ್ತಿ ತೋರಿಸಿ ಹೋದರು. ಸಿಗದಿದ್ದರೆ ಏನು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅದು ಚರ್ಮದ ಕೈಗವಸು ಹೊಲಿಯುವ ಕಾರ್ಖಾನೆ. ಅಂಗೈ ಕತ್ತರಿಸುವವರು ಬೇರೆ, ಮಣಿಕಟ್ಟಿನ ಪಟ್ಟಿ ಹೊಲಿಯುವವರು ಬೇರೆ, ಬೆರಳು ಹೊಲಿಯುವವರೇ ಬೇರೆ. ಬೆರಳಿನ ವಿಭಾಗಕ್ಕೆ ಇವನು ಮೇಸ್ತ್ರಿ. ಹಾಗಾಗಿ ಹೆತ್ತವರಿಟ್ಟ ಹೆಸರು ಎಲ್ಲರಿಗೂ ಮರೆತುಹೋಗಿ ಬೆರಳು ಮೇಸ್ತ್ರಿ ಎಂಬ ಹೆಸರೇ ನಿಂತುಬಿಟ್ಟಿತ್ತು. ಕಿರುಬೆರಳನ್ನು ಒಂದು ಸುಕ್ಕೂ ಬೀಳದಂತೆ ತಿರುಗಿಸಿ ಹೊಲಿಯುವುದು ಸಂಸಾರ ನಡೆಸುವುದಕ್ಕಿಂತ ಕಷ್ಟ ಎಂದು ಅವನು ಹೇಳುತ್ತಿದ್ದ. ಎರಡನ್ನೂ ಮಾಡುತ್ತಿದ್ದವನಾದ್ದರಿಂದ ಅವನ ಮಾತನ್ನು ನಂಬಬಹುದು. ಆದರೆ ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ದುಬಾರಿ ಕೆಲಸವೂ ಅದೇ. ಕೆಲವು ತಿಂಗಳಿಂದ ಬೆರಳು ವಿಭಾಗವನ್ನು ಮುಚ್ಚುತ್ತಾರಂತೆ ಎಂಬ ಗುಸುಗುಸು ಯಂತ್ರಗಳ ಸದ್ದಿನ ನಡುವೆಯೂ ಕೇಳಿಸುತ್ತಿತ್ತು.

"ಭಾವ, ನಮ್ಮೆಲ್ಲರ ಅನ್ನ ಇವತ್ತು ನಿಮ್ಮ ಕೈಲಿದೆ" ಎಂದಳು ನಾದಿನಿ. ಅವಳು ಅದೇ ವಿಭಾಗದಲ್ಲಿ ಉಂಗುರಬೆರಳು ಹೊಲಿಯುವವಳು. "ಅಕ್ಕನೂ ಹೇಳಿ ಕಳಿಸಿದ್ದಾಳೆ. ಎಡವಟ್ಟು ಮಾಡ್ಕೊಂಡ್ರೆ ಸಂಜೆ ಮನೆಗೆ ಬರೋ ಮುಂಚೆ ಯೋಚ್ನೆ ಮಾಡ್ಬೇಕಂತೆ."

"ಎಡವಟ್ಟು ಮಾಡೋಕೆ ಅಲ್ಲೇನಿದೆ? ಮರದ ಕೈಗೆ ಗವಸು ತೊಡಿಸೋದು ತಾನೆ!" ಎಂದು ಮೇಸ್ತ್ರಿ ತೋಳು ಮಡಚಿದ.

ಷೋರೂಮಿನ ಗಾಜಿನ ಕಪಾಟಿನಲ್ಲಿ ಮರದ ಕೈಗಳು ಸಾಲಾಗಿ ನಿಂತಿದ್ದವು. ಪ್ರತಿ ಬೆರಳಿಗೂ ತಿರುಪು, ಬೇಕಾದ ಹಾಗೆ ಬಗ್ಗಿಸಬಹುದು. ಮಾಡಿಸುವಾಗ ಯಾರೂ ಗಮನಿಸದ ಕಾರಣ ಎಲ್ಲವೂ ಬಲಗೈಗಳೇ ಆಗಿದ್ದವು. ಮೇಸ್ತ್ರಿ ಎಲ್ಲಕ್ಕೂ ಹೊಸ ಗವಸು ತೊಡಿಸಿದ. ಯಜಮಾನರನ್ನೇ ನೆನೆದು ಮೊದಲ ಕೈಯ ಹೆಬ್ಬೆರಳು ಎತ್ತಿದ. ಎರಡನೆಯದರಲ್ಲಿ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊಗಸಾದ ಉಂಗುರ ಮಾಡಿದ. ಮೂರನೆಯದು ಗೆದ್ದವರ ಹಾಗೆ ಎರಡು ಬೆರಳು ತೋರಿಸಿತು. ಮಿಕ್ಕವು ಅಂಗೈ ಬಿಚ್ಚಿ ಸ್ವಾಗತಕ್ಕೆ ನಿಂತವು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಆರ್ಡರ್ ಬಂದೇಬಿಟ್ಟಿತು ಎನ್ನಿಸಿತು.

ಅಷ್ಟರಲ್ಲಿ ಸ್ಟೋರಿನ ಹಡಗಣ್ಣ ಒಳಗೆ ಬಂದ. ಹಿಂದೆ ಯಾವುದೋ ಹಡಗಿನ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದವನು ಅವನು. ತೊಳೆದ ತಟ್ಟೆಗಿಂತ ನೋಡಿದ ದೇಶವೇ ಹೆಚ್ಚು ಎಂದು ಹೇಳಿಕೊಳ್ಳುತ್ತಿದ್ದ.

"ಯಾರನ್ನ ಬೈಯೋಕೆ ನಿಲ್ಲಿಸಿದ್ದೀಯ ಇವನ್ನ?" ಎಂದ ಹಡಗಣ್ಣ.

"ಬೈಯೋದಾ? ಅಯ್ಯೋ ಮಾರಾಯ, ಇದು ಭೇಷ್ ಅಂತ!"

"ಇಲ್ಲಿ ಭೇಷ್. ನಾನು ಇಳಿದ ಒಂದು ಬಂದರಲ್ಲಿ ನಮ್ಮ ಅಡುಗೆಯವನು ಹೀಗೇ ಹೆಬ್ಬೆರಳು ತೋರಿಸಿದ. ಪೇಟೆ ತುಂಬಾ ಅಟ್ಟಾಡಿಸಿದ್ರು. ಅಲ್ಲಿ ಇದಕ್ಕೆ ಏನರ್ಥ ಗೊತ್ತಾ?" ಹಡಗಣ್ಣ ಕಿವಿಯಲ್ಲಿ ಪಿಸುಗುಟ್ಟಿದ. ಮೇಸ್ತ್ರಿಯ ಕಿವಿ ಕೆಂಪಗಾಯಿತು. ಲಗುಬಗೆಯಿಂದ ಹೆಬ್ಬೆರಳನ್ನು ಮಡಚಿಬಿಟ್ಟ.

"ಈ ಉಂಗುರವೂ ಬೇಡ. ಇನ್ನೊಂದು ದೇಶದಲ್ಲಿ ಇದನ್ನ ತೋರಿಸಿದ್ರೆ..." ಮತ್ತೆ ಕಿವಿ, ಮತ್ತೆ ಪಿಸುಮಾತು.

"ಛೀ, ಛೀ! ಗಿರಾಕಿ ಆ ದೇಶದವರೇ ಅಂತ ಏನು ಗ್ಯಾರಂಟಿ?"

"ಅಲ್ಲ ಅಂತ ಏನು ಗ್ಯಾರಂಟಿ?"

ಅದು ನಿಜವೇ. ಗಿರಾಕಿ ಯಾವ ದೇಶದವರೆಂದು ಯಾರಿಗೂ ಗೊತ್ತಿರಲಿಲ್ಲ. ಮೇಸ್ತ್ರಿ ಯಜಮಾನರಿಗೆ ಫೋನು ಹಚ್ಚಿದ. ಫೋನು ಪಕ್ಕದ ಕೋಣೆಯಲ್ಲಿ, ಯಜಮಾನರ ಮೇಜಿನ ಮೇಲೆಯೇ ಹಾಡತೊಡಗಿತು.

ಸದ್ದು ಕೇಳಿ ಲೆಕ್ಕದಕ್ಕ ಬಂದರು. ಕಾರ್ಖಾನೆಯ ಲೆಕ್ಕ ನೋಡುವ ಈ ಹೆಂಗಸು ಟಿವಿಯಲ್ಲಿ ಪ್ರವಾಸದ ಕಾರ್ಯಕ್ರಮ ಒಂದನ್ನೂ ಬಿಟ್ಟವರಲ್ಲ. "ಆ ಎರಡು ಬೆರಳು ಮೊದಲು ತಿರುಗಿಸ್ರೀ ಮೇಸ್ತ್ರಿ! ಅಂಗೈ ನೋಡೋರ ಕಡೆ ಇದ್ರೆ ಜಯ. ತೋರಿಸೋರ ಕಡೆ ಇದ್ರೆ ಹೊಡೆದಾಟ" ಎಂದರು.

ಮೇಸ್ತ್ರಿ ತಿರುಗಿಸಿದ. "ಈಗ ಸರೀನಾ?"

"ಬಾಗಿಲಿಂದ ನೋಡಿದ್ರೆ ಸರಿ. ಗಿರಾಕಿ ಕಪಾಟಿನ ಹಿಂದೆ ಹೋದ್ರೆ ಮುಗೀತು. ಅದಿರ್ಲಿ, ಇದೇನು ಇಷ್ಟೊಂದು ಅಂಗೈ? ಒಂದು ದೇಶದಲ್ಲಿ ಐದೂ ಬೆರಳು ಬಿಚ್ಚಿ ಮುಖಕ್ಕೆ ಹಿಡಿದ್ರೆ ಮುಖಕ್ಕೆ ಕೊಚ್ಚೆ ಬಳಿದ ಹಾಗಂತೆ. ನೀವು ಸಾಲಾಗಿ ನಿಲ್ಲಿಸಿ ಬಳೀತಿದ್ದೀರಲ್ಲ!"

ಬಾಗಿಲಲ್ಲಿ ಇಣುಕಿದ ನಾದಿನಿ, "ಎರಡೆರಡು ಕೈ ಸೇರಿಸಿ ಮುಗಿದ ಹಾಗೆ ಇಡಿ ಭಾವ, ಯಾರು ಬೇಡ ಅಂತಾರೆ?" ಎಂದಳು. ಒಳ್ಳೆಯ ಮಾತೇ. ಆದರೆ ಎರಡು ಬಲಗೈ ಸೇರಿಸಿದರೆ ಒಂದರ ಹೆಬ್ಬೆರಳು ಇನ್ನೊಂದರ ಕಿರುಬೆರಳಿಗೆ ಅಂಟಿಕೊಂಡು, ಇಬ್ಬರು ಒಬ್ಬರನ್ನೊಬ್ಬರು ದಬ್ಬುತ್ತಿರುವಂತೆ ಕಂಡಿತು. ಯಾವ ದೇಶದವರಿಗೂ ಅದು ಮರ್ಯಾದೆಯಾಗಿ ಕಾಣುವ ಸಂಭವವಿರಲಿಲ್ಲ.

"ಎಲ್ಲಾ ಮುಷ್ಟಿ ಮಾಡಿಬಿಡ್ತೀನಿ" ಎಂದ ಮೇಸ್ತ್ರಿ ರೋಸಿಹೋಗಿ.

"ಗಿರಾಕಿನ ಜಗಳಕ್ಕೆ ಕರೀತೀಯಾ?" ಎಂದ ಹಡಗಣ್ಣ. ಮೇಸ್ತ್ರಿ ಅವನ ಮಾತಿಗೆ ಕಿವಿಗೊಡದೆ ಒಂದೊಂದೇ ಬೆರಳು ಮಡಚುತ್ತ ಹೋದ. ಮೊದಲ ಕೈಯ ಹೆಬ್ಬೆರಳು ಸರಿಯಾಗಿ ಒಳಗೆ ಹೋಗದೆ, ತೋರುಬೆರಳು ಮತ್ತು ನಡುಬೆರಳಿನ ಸಂದಿಯಿಂದ ಮೂತಿ ಹೊರಹಾಕಿತು. ಹಡಗಣ್ಣ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ. "ತೆಗಿ, ತೆಗಿ! ನಾನು ಕಂಡ ಬೈಗುಳಗಳಲ್ಲೇ ಅತಿ ಕೆಟ್ಟದ್ದು ಇದು! ಬಾಯಿಬಿಟ್ಟು ಹೇಳೋ ಹಾಗೂ ಇಲ್ಲ!"

ಅದನ್ನು ಸರಿಮಾಡಿ ಪಕ್ಕದ ಕೈ ಹಿಡಿದರೆ ಇನ್ನೊಂದು ಗ್ರಹಚಾರ. ನಾಲ್ಕು ಬೆರಳು ಸಲೀಸಾಗಿ ಮಡಚಿಕೊಂಡವು. ನಡುಬೆರಳಿನ ತಿರುಪಿಗೆ ತುಕ್ಕು ಹಿಡಿದಿತ್ತು. ಮೇಸ್ತ್ರಿ ಎಷ್ಟು ಒತ್ತಿದರೂ ಅದು ಹಟಮಾರಿ ಮಗುವಿನಂತೆ ನೆಟ್ಟಗೆ ನಿಂತುಬಿಟ್ಟಿತು.

"ಇದನ್ನ ನಾನು ಹೇಳಬೇಕಾಗಿಲ್ಲ ಅಲ್ವಾ?" ಎಂದ ಹಡಗಣ್ಣ. ಲೆಕ್ಕದಕ್ಕ ಗೋಡೆಯ ಕಡೆ ತಿರುಗಿಕೊಂಡರು.

ಅದೇ ಹೊತ್ತಿಗೆ ಗೇಟಿನಲ್ಲಿ ಕಾರಿನ ಹಾರ್ನ್ ಕೇಳಿಸಿತು. ಮೇಸ್ತ್ರಿಗೆ ನಾದಿನಿಯ ಮುಖ, ಹೆಂಡತಿಯ ಮುಖ, ಸಾಲಾಗಿ ಕುಳಿತು ಬೆರಳು ಹೊಲಿಯುವ ಹೆಂಗಸರ ಮುಖಗಳೆಲ್ಲ ಕಣ್ಣಮುಂದೆ ಬಂದವು. ತಿರುಪುಳಿ ತೆಗೆದುಕೊಂಡು, ಗವಸು ಸರಿಸಿ, ಮರದ ಬೆರಳುಗಳನ್ನೆಲ್ಲ ಬಿಚ್ಚಿ ಬಿಚ್ಚಿ ಪ್ಯಾಂಟಿನ ಜೇಬಿಗೆ ತುಂಬಿಕೊಂಡ. ತುಕ್ಕು ಹಿಡಿದದ್ದನ್ನು ಮುರಿದೇಬಿಟ್ಟ. ಗವಸು ಮತ್ತೆ ತೊಡಿಸಿ, ಜೋತುಬಿದ್ದ ಅದರ ಬೆರಳುಗಳನ್ನು ಒಳಕ್ಕೆ ತಳ್ಳಿ ಒತ್ತಿದ. ಯಜಮಾನರು ಬಾಗಿಲು ತೆರೆಯುವ ವೇಳೆಗೆ ಕಪಾಟಿನಲ್ಲಿ ಕೈ ಎನ್ನುವಂಥದ್ದು ಒಂದೂ ಉಳಿದಿರಲಿಲ್ಲ. ದುಂಡಗಿನ ಚರ್ಮದ ಚೀಲಗಳು ಮಾತ್ರ ಸಾಲಾಗಿ ನಿಂತಿದ್ದವು.

ಯಜಮಾನರ ಮುಖ ಬಿಳಿಚಿಕೊಂಡಿತು. ಅವರ ಹಿಂದೆ ಬಂದ ಗಿರಾಕಿ ಬೆಳ್ಳಿಗೂದಲಿನ, ಎತ್ತರದ ಹೆಂಗಸು. ಆಕೆ ಕಪಾಟು ನೋಡಿದರು. ಬಗ್ಗಿ ನೋಡಿದರು. ಹಿಂದೆ ಹೋಗಿಯೂ ನೋಡಿದರು. ಆಮೇಲೆ ಗಹಗಹಿಸಿ ನಕ್ಕು, ತಮ್ಮ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದರು. ಕೇಳುತ್ತ ಕೇಳುತ್ತ ಯಜಮಾನರ ಮುಖಕ್ಕೆ ರಕ್ತ ಮರಳಿತು.

"ಏನಂತೆ?" ಎಂದ ಮೇಸ್ತ್ರಿ. ಜೇಬಿನಲ್ಲಿ ಬೆರಳುಗಳು ಲೊಟಲೊಟ ಎಂದವು.

"ಮೇಡಂ ಒಂದು ದೇಶಕ್ಕಲ್ಲ, ಪ್ರಪಂಚಕ್ಕೆಲ್ಲ ಕೈಗವಸು ಮಾರ್ತಾರಂತೆ. ಜಾಹೀರಾತಲ್ಲಿ ಕೈನ ಹೇಗೆ ತೋರಿಸಿದ್ರೂ ಯಾವುದೋ ಒಂದು ದೇಶ ಸಿಟ್ಟಾಗುತ್ತಂತೆ. ಅದೇ ಅವರಿಗೆ ದೊಡ್ಡ ತಲೆನೋವಾಗಿತ್ತಂತೆ. ಬೆರಳೇ ಇಲ್ಲದ ಗವಸು! ಹಾಕ್ಕೊಂಡವನು ಬೈಯ್ಬೇಕು ಅಂದ್ರೂ ಬೈಯೋಕಾಗಲ್ಲ. ಚಳಿಗೆ ಬೆಚ್ಚಗಿದ್ರೆ ಸಾಕು. ಇಂಥ ಬುದ್ಧಿ ಯಾರಿಗೆ ಹೊಳೀತು ಅಂತ ಕೇಳ್ತಿದ್ದಾರೆ."

ಹಡಗಣ್ಣ, ಲೆಕ್ಕದಕ್ಕ, ನಾದಿನಿ ಮೂವರೂ ಒಟ್ಟಿಗೆ ಮೇಸ್ತ್ರಿಯ ಕಡೆ ಬೆರಳು ತೋರಿಸಿದರು. ಗಿರಾಕಿ ಚಪ್ಪಾಳೆ ತಟ್ಟಿದರು. ಕಾರ್ಖಾನೆ ಹುಟ್ಟಿದಾಗಿನಿಂದ ಕಾಣದಂಥ ದೊಡ್ಡ ಆರ್ಡರ್ ಅಲ್ಲೇ ಗೊತ್ತಾಯಿತು. ಮೇಸ್ತ್ರಿ ಹಿಗ್ಗಿ ಹೀರೆಕಾಯಿಯಾದ. ಆಮೇಲೆ, ಸ್ವಲ್ಪ ತಡವಾಗಿ, ಅವನಿಗೊಂದು ಅನುಮಾನ ಬಂತು.

"ಯಜಮಾನ್ರೇ, ಬೆರಳೇ ಇಲ್ಲ ಅಂದ್ರೆ... ಹೆಬ್ಬೆರಳಾದ್ರೂ ಇರುತ್ತೆ ಅಲ್ವಾ?"

ಯಜಮಾನರು ಗಿರಾಕಿಯನ್ನು ಕೇಳಿದರು. ಆಕೆ ಅವರ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಯಜಮಾನರ ಕಿವಿ ಕೆಂಪಗಾಯಿತು.

"ಅದೂ ಬೇಡವಂತೆ" ಎಂದರು.

ಸಂಜೆಯೊಳಗೆ ಎಲ್ಲವೂ ತೀರ್ಮಾನವಾಯಿತು. ಬೆರಳು ವಿಭಾಗ ಬಂದ್. ಹೆಂಗಸರೆಲ್ಲ ಹೊಸ ಚೀಲ ವಿಭಾಗಕ್ಕೆ, ಅದಕ್ಕೆ ನಾದಿನಿಯೇ ಮೇಸ್ತ್ರಿ. "ನಿನ್ನನ್ನ ಬಿಟ್ಟುಕೊಡೋಕೆ ಆಗುತ್ತಾ?" ಎಂದು ಯಜಮಾನರು ಇವನ ಬೆನ್ನು ತಟ್ಟಿದರು. "ನಾಳೆಯಿಂದ ಸ್ಟೋರಿನಲ್ಲಿರು. ಹಡಗಣ್ಣನ ಕೈಕೆಳಗೆ."

ಎಲ್ಲರೂ ಸಿಹಿ ತಿಂದು ಮನೆಗೆ ಹೊರಟರು. ಮೇಸ್ತ್ರಿ ಮಾತ್ರ ಖಾಲಿ ಷೋರೂಮಿನಲ್ಲಿ ಕುಳಿತಿದ್ದ. ಹೊಟ್ಟೆ ಉರಿಯುತ್ತಿತ್ತು. ಜೇಬಿನಿಂದ ಐದು ಬೆರಳು ಹೆಕ್ಕಿ ಒಂದು ಮರದ ಕೈಗೆ ಮತ್ತೆ ಜೋಡಿಸಿದ. ಮುಷ್ಟಿ ಕಟ್ಟಿಸಿ, ಹೆಬ್ಬೆರಳನ್ನು ಸಂದಿಯಿಂದ ಹೊರಗೆ ನೂಕಿದ. ಹಡಗಣ್ಣ ಕಂಡ ಬೈಗುಳಗಳಲ್ಲೇ ಅತಿ ಕೆಟ್ಟದ್ದು ಸಿದ್ಧವಾಯಿತು. ಅದನ್ನು ಕೊಂಡೊಯ್ದು ಸ್ಟೋರಿನಲ್ಲಿ ಹಡಗಣ್ಣನ ಮೇಜಿನ ನಟ್ಟನಡುವೆ ಇಟ್ಟ. ಆ ದಿನದಲ್ಲಿ ಮೊದಲ ಬಾರಿಗೆ ಅವನ ಮನಸ್ಸು ಹಗುರಾಯಿತು.

ತಿರುಗಿದರೆ ಬಾಗಿಲಲ್ಲೇ ಹಡಗಣ್ಣ. ಮರೆತ ಬುತ್ತಿ ಡಬ್ಬಿಗೆಂದು ವಾಪಸು ಬಂದಿದ್ದ. ಮೇಜನ್ನು ನೋಡಿದ. ಮೇಸ್ತ್ರಿಯನ್ನು ನೋಡಿದ. ಅವನ ಕಣ್ಣು ತುಂಬಿ ಬಂತು.

"ನಿನ್ನ ಕೆಲ್ಸ ಹೋದ ದಿನವೂ ನನಗೆ ಒಳ್ಳೇದಾಗಲಿ ಅಂತೀಯಲ್ಲೋ!" ಎಂದು ಮೇಸ್ತ್ರಿಯನ್ನು ಬಾಚಿ ತಬ್ಬಿಕೊಂಡ. "ಬೇರೊಂದು ದೇಶದಲ್ಲಿ ಇದನ್ನ ಅದೃಷ್ಟ ಬರ್ಲಿ ಅಂತ ಕೊರಳಿಗೆ ಕಟ್ಕೋತಾರೆ. ಬೆಳಿಗ್ಗೆ ಗಡಿಬಿಡೀಲಿ ಹೇಳೋಕೆ ಮರೆತಿದ್ದೆ. ನಿನಗೆ ಹೇಗೋ ಗೊತ್ತಾಯ್ತು?"

ಮೇಸ್ತ್ರಿ ಬಿಡಿಸಿಕೊಂಡು ಮರದ ಕೈಯನ್ನು ಎತ್ತಿಕೊಳ್ಳಲು ಹೋದ.

"ಇದು ಇಲ್ಲೇ ಇರ್ಲಿ" ಎಂದು ಹಡಗಣ್ಣ ಕಣ್ಣೊರೆಸಿಕೊಂಡ. "ನಾಳೆಯಿಂದ ದಿನಾ ಬಂದ ಕೂಡಲೇ ಇದರ ಧೂಳು ಒರೆಸೋದು, ಅದೇ ನಿನ್ನ ಮೊದಲ ಕೆಲಸ."