ಎಡಗೈ ಕಿರುಬೆರಳಿನ ಕಂಪ್ಲೇಂಟು

ಉಗುರಿಗೆ ಬಣ್ಣ ಹಚ್ಚೋ ಕೆಲಸದಲ್ಲಿ ಹೆದರೋದಕ್ಕೆ ಏನಿದೆ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದ್ಕೊಂಡು ಸೇರಿದ್ದು. ಸೇರಿದ ಮೇಲೆ ಗೊತ್ತಾಯ್ತು, ನಮ್ಮ ಕಮ್ಮನಹಳ್ಳಿ ಮೇನ್ ರೋಡಿನ ಪಾರ್ಲರಿನಲ್ಲಿ ಮೈ ಜುಂ ಅನ್ನಿಸದೇ ಒಂದು ವಾರ ಕಳೆದ್ರೆ ಅದೇ ದೊಡ್ಡ ವಿಚಿತ್ರ.

ನಾನು ಸೇಡಂ ಕಡೆಯವಳು. ಬಾಣಸವಾಡಿ ಸ್ಟೇಷನ್ ಹತ್ರ ಒಂದು ಬಾಡಿಗೆ ರೂಮು. ಪಾರ್ಲರಿನಲ್ಲಿ ಟವೆಲ್ ಒಗೆಯೋದರಿಂದ ಶುರು ಮಾಡಿ, ಓನರ್ ಮೇಡಮ್ ಹಿಂದೆ ಬಿದ್ದು ಬಿದ್ದು ಉಗುರಿನ ಕೆಲಸ ಕಲಿತೆ. ಕೊನೆಗೆ ನನಗೇ ಅಂತ ಒಂದು ಕುರ್ಚಿ, ಒಂದು ಟೇಬಲ್ ಸಿಕ್ತು. ಕೊಡುವಾಗ ಮೇಡಮ್ ಹೇಳಿದ್ರು: "ನೋಡಮ್ಮಾ, ನಿನ್ನ ಕೈ ಚೆನ್ನಾಗಿದೆ. ಧೈರ್ಯ ಮಾತ್ರ ಸೊನ್ನೆ. ಕಸ್ಟಮರ್ ಮುಖ ಸಿಂಡರಿಸಿದ್ರೆ ನಡುಗ್ತೀಯ. ಕಂಪ್ಲೇಂಟ್ ಜಾಸ್ತಿ ಆದ್ರೆ ವಾಪಸ್ ಟವೆಲ್‌ಗೆ."

ಆ ಕುರ್ಚಿ ಹೋಗಿಬಿಟ್ರೆ ಊರಿಗೆ ಯಾವ ಮುಖ ತಗೊಂಡು ಹೋಗಲಿ ಅನ್ನೋದೇ ನನ್ನ ಚಿಂತೆ. ಅದಕ್ಕೇ ಯಾರು ಏನಂದ್ರೂ "ಸಾರಿ ಮೇಡಮ್" ಅಂದ್ಬಿಡ್ತಿದ್ದೆ. ಬಾಗಿಲು ಕಿರ್ ಅಂದ್ರೂ ಸಾರಿ ಅಂತಿದ್ದೆ.

ರಬ್ಬರ್ ಕೈ

ಹೊಸಬರು ಅಭ್ಯಾಸ ಮಾಡೋಕೆ ಅಂತ ಒಂದು ರಬ್ಬರ್ ಕೈ ಇರುತ್ತೆ. ಮೊಣಕೈವರೆಗೂ ಇರುತ್ತೆ, ಬೆರಳು ಮಡಚುತ್ತೆ, ಚರ್ಮದ ಗೆರೆ ಕೂಡ ಕಾಣುತ್ತೆ. ಮೇಡಮ್ ಅದನ್ನ ನನಗೆ ಕೊಟ್ಟು "ಮನೇಲಿ ಪ್ರಾಕ್ಟೀಸ್ ಮಾಡು" ಅಂದ್ರು. ನಾನು ಕೆಂಪು ಬಣ್ಣ ಹಚ್ಚಿ, ಬೆಳಿಗ್ಗೆ ಕೆಲಸಕ್ಕೆ ಓಡೋ ಅವಸರದಲ್ಲಿ ಹಾಸಿಗೆ ಮೇಲೇ ಬಿಟ್ಟು ಬಂದ್ಬಿಟ್ಟೆ. ಮೇಲೆ ರಗ್ಗು ಬೇರೆ ಮುದ್ದೆಯಾಗಿ ಬಿದ್ದಿತ್ತು.

ಹಗಲು ಹೊತ್ತಲ್ಲಿ ನಮ್ಮ ಓನರಮ್ಮ, ಅಂದ್ರೆ ರೂಮಿನ ಮಾಲಕಿ, ನಲ್ಲಿ ನೋಡೋಕೆ ಬೀಗ ತೆಗೆದು ಒಳಗೆ ಬಂದಿದಾರೆ. ರಗ್ಗಿನಿಂದ ಒಂದು ಕೈ ಹೊರಗೆ ಬಂದಿದೆ. "ಪಾಪ, ಹುಡುಗಿಗೆ ಹುಷಾರಿಲ್ಲ, ಕೆಲಸಕ್ಕೂ ಹೋಗಿಲ್ಲ" ಅಂತ ಜ್ವರ ನೋಡೋಕೆ ಕೈ ಹಿಡಿದಿದಾರೆ. ಕೈ ತಣ್ಣಗಿದೆ. "ಏಳಮ್ಮಾ" ಅಂತ ಎಳೆದಿದಾರೆ. ಕೈ ಬಂದಿದೆ, ಹುಡುಗಿ ಬಂದಿಲ್ಲ!

ನಾನು ಸಂಜೆ ಹೋಗೋ ಹೊತ್ತಿಗೆ ಇಡೀ ಓಣಿ ನಮ್ಮ ಬಾಗಿಲಲ್ಲಿ. ಓನರಮ್ಮನಿಗೆ ಯಾರೋ ನಿಂಬೆಹಣ್ಣಿನ ಪಾನಕ ಕುಡಿಸ್ತಿದ್ರು. ನನ್ನನ್ನ ನೋಡಿ ಮತ್ತೊಂದು ಸಲ ಕಿರುಚಿದ್ರು. ನಾನು ಎಷ್ಟು ಸಲ ಸಾರಿ ಹೇಳಿದೆನೋ ನನಗೇ ಗೊತ್ತಿಲ್ಲ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವರೇ ನನ್ನನ್ನ ಹತ್ರ ಕರೆದು ಮೆಲ್ಲಗೆ ಅಂದ್ರು: "ನೀನು ಸತ್ತೇ ಹೋದೆ ಅಂದ್ಕೊಂಡೆ ಕಣೇ. ಆದ್ರೂ ಉಗುರು ಎಷ್ಟು ನೀಟಾಗಿ ಹಾಕ್ಕೊಂಡು ಸತ್ತಿದೀಯಲ್ಲ ಅನ್ನಿಸ್ತು."

ರಿಚರ್ಡ್ಸ್ ಟೌನ್ ಆಂಟಿ

ನನ್ನ ಧೈರ್ಯಕ್ಕೆ ದೊಡ್ಡ ಶತ್ರು ಒಬ್ಬ ಮುದುಕಿ. ರಿಚರ್ಡ್ಸ್ ಟೌನಿನ ಹಳೇ ಬಂಗಲೆಯಿಂದ ಪ್ರತಿ ಶನಿವಾರ ಆಟೋದಲ್ಲಿ ಬರೋರು. ಹೂವಿನ ಫ್ರಾಕು, ಬಿಳೀ ಕೂದಲು, ಐಸ್ ಥರ ತಣ್ಣಗಿರೋ ಕೈ. ಲ್ಯಾಂಪ್‌ನಲ್ಲಿ ಒಣಗಿಸೋ ಜೆಲ್ ಬೇಡ, "ಕೈ ಸುಡ್ತದೆ ಗರ್ಲ್" ಅಂತ ಹಳೇ ಕಾಲದ ಮರೂನ್ ಪಾಲಿಶ್ಶೇ ಬೇಕು. ಅದು ಒಣಗೋಕೆ ಹೊತ್ತು ಬೇಕು. ಅಷ್ಟು ಹೊತ್ತು ಈ ಪುಣ್ಯಾತ್ಗಿತ್ತಿ ಕೈ ಇಟ್ಟಲ್ಲಿ ಇಡಬೇಕಲ್ಲ! ಪಕ್ಕದ ಮನೆಯವರ ನಾಯಿ, ಚರ್ಚಿನ ಹೊಸ ಫಾದರ್, ಎಲ್ಲರನ್ನೂ ಕೈ ಬೀಸಿ ಬೀಸಿ ಬೈಯೋರು. ಎಡಗೈ ಕಿರುಬೆರಳು ಎಲ್ಲೋ ತಾಗಿ ಬಣ್ಣ ಒರೆಸಿಹೋಗೋದು.

ಆಮೇಲೆ ಮೇಡಮ್ ಕಡೆ ತಿರುಗಿ, "ಏಯ್, ನಿನ್ನ ಹುಡುಗಿ ನೋಡು, ಮತ್ತೆ ದಿಸ್ ಫಿಂಗರ್ ಹಾಳು ಮಾಡಿಟ್ಟಿದೆ!" ಅನ್ನೋರು.

"ಆಂಟಿ, ಕೈ ಅಲ್ಲಾಡಿಸಿದ್ದು ನೀವು" ಅನ್ನೋ ಮಾತು ಗಂಟಲವರೆಗೂ ಬರೋದು. ಬಾಯಿಂದ ಬರೋದು ಮಾತ್ರ "ಸಾರಿ ಆಂಟಿ." ಹೋಗುವಾಗ ಪ್ರತಿ ಸಲ "ಇನ್ನು ನಾನು ಬರಲ್ಲ" ಅಂತ ಬಾಗಿಲಲ್ಲಿ ಘೋಷಣೆ. ಮುಂದಿನ ಶನಿವಾರ ನನ್ನ ಕುರ್ಚಿ ಮುಂದೆ ಹಾಜರ್. ಮೇಡಮ್ ಹೇಳೋರು: "ಗಾಬರಿ ಆಗ್ಬೇಡ. ಬರಲ್ಲ ಅಂದ್ರಲ್ಲ, ಇನ್ನು ಅವರನ್ನ ಯಾರೂ ತಡೆಯೋಕಾಗಲ್ಲ."

ಒಂದು ಚೂರು

ನಮ್ಮವ್ವ ಫೋನ್ ಮಾಡಿದಾಗೆಲ್ಲ ಒಂದೇ ಗೋಳು. "ಯವ್ವಾ, ದೀಪಾ ಹಚ್ಚಿದ ಮ್ಯಾಲ ಉಗುರು ತೆಗಿಬಾರ್ದು ಅಂತ ಸಣ್ಣಾಕಿ ಇದ್ದಾಗಿಂದ ಹೇಳೇನಿ. ನೀ ನೋಡಿದ್ರ ಊರ ಮಂದಿದೆಲ್ಲ ತೆಗಿಲಿಕ್ಕತ್ತಿ!" ಏನ್ ಮಾಡಲಿ, ಪಾರ್ಲರಿಗೆ ಜನ ಬರೋದೇ ದೀಪ ಹಚ್ಚಿದ ಮೇಲೆ.

ಅವ್ವನಿಗಿಂತ ಒಂದು ಕೈ ಮೇಲಿನ ಕಸ್ಟಮರ್ ಒಬ್ಬರು ಬಂದ್ರು. ಹಲಸೂರಿನವರು, ರೇಷ್ಮೆ ಸೀರೆ, ದೊಡ್ಡ ಕುಂಕುಮ. ಕೂರೋಕೆ ಮುಂಚೆನೇ ಟೇಬಲ್ ಮೇಲೆ ಬಿಳೀ ಕರ್ಚೀಫ್ ಹಾಸಿದ್ರು. "ಕತ್ತರಿಸಿದ ಉಗುರೆಲ್ಲ ಇದರ ಮೇಲೇ ಬೀಳಬೇಕು. ನನಗಾಗದವರು ಇದಾರೆ. ಒಂದು ಚೂರು ಸಿಕ್ರೂ ಮಾಟ ಮಾಡಿಸ್ತಾರೆ." ಒಂಬತ್ತು ಬೆರಳು ಹೇಗೋ ಮುಗಿಸಿದೆ. ಕೊನೇ ಹೆಬ್ಬೆರಳಿನ ಉಗುರು ಕತ್ತರಿಸಿದೆ ನೋಡಿ, ಟಪ್ ಅಂತ ಚೂರು ಹಾರಿತು. ಎಲ್ಲಿಗೆ ಹೋಯ್ತೋ ಕಾಣಲಿಲ್ಲ.

ಅವರು ಕರ್ಚೀಫ್ ಮೇಲಿನ ಚೂರುಗಳನ್ನ ಎಣಿಸಿದ್ರು. ನನ್ನ ಮುಖ ನೋಡಿದ್ರು. "ಯಾರು ದುಡ್ಡು ಕೊಟ್ರು ನಿನಗೆ? ನಮ್ಮ ಓರಗಿತ್ತಿನಾ?" ಅಂದ್ರು. ನಾನು ಸಾರಿ ಸಾರಿ ಅಂತ ಮೊಬೈಲ್ ಟಾರ್ಚ್ ಹಿಡಿದು ನೆಲದ ಮೇಲೆ ತೆವಳ್ತಿದ್ದೆ. ಲ್ಯಾಂಪಿನ ನೀಲಿ ಬೆಳಕಲ್ಲಿ ಬೆರಳಿಟ್ಟು ಕೂತಿದ್ದ ಇನ್ನೊಬ್ಬ ಕಸ್ಟಮರ್, ಒಣಗೋಕೆ ಮುಂಚೆನೇ ಚಪ್ಪಲಿ ಹಾಕ್ಕೊಂಡು ಪರಾರಿ.

ಚೂರು ಸಿಗಲೇ ಇಲ್ಲ. ಆಕೆ ಮಂತ್ರ ಮಣಮಣ ಅಂದ್ಕೊಂಡು ಹೋದ ಮೇಲೆ, ಮೂಲೇಲಿ ಟೀ ಕುಡೀತಿದ್ದ ಮೇಡಮ್ ಗಂಟಲು ಸವರಿಕೊಂಡು ಅಂದ್ರು: "ಅಲ್ಲಾ, ಆಗ್ಲೇ ಟೀ ಜೊತೆ ಏನೋ ಚುಚ್ಚಿದ ಹಾಗಾಯ್ತಲ್ಲ..."

ನಾನು ಅವರ ಮುಖ ನೋಡಿದೆ, ಅವರು ಲೋಟ ನೋಡಿದ್ರು. ಆಮೇಲೆ ಸಿಟ್ಟೆಲ್ಲ ನನ್ನ ಮೇಲೆ. "ಇದೇ ಕೊನೆ. ಇನ್ನೊಂದು ಕಂಪ್ಲೇಂಟ್ ಬಂದ್ರೆ ನಿನ್ನ ಕುರ್ಚಿ ಬೇರೆಯವರಿಗೆ!" ಅವತ್ತು ರೂಮಿಗೆ ಹೋಗಿ ಅತ್ತೆ. ಆದ್ರೆ ಒಂದು ಮಾತು ಹೇಳ್ಬೇಕು. ಅವತ್ತಿಂದ ಆ ಹಲಸೂರಿನಾಕೆ ಏನು ಕೇಳಿದ್ರೂ ನಮ್ಮ ಮೇಡಮ್ "ಹೂಂ" ಅಂತಾರೆ. ಅರ್ಧ ರೇಟಿಗೆ ಫೇಶಿಯಲ್ ಕೂಡ ಮಾಡಿಕೊಟ್ರು. ಯಾರು ಯಾರಿಗೆ ಮಾಟ ಮಾಡಿದ್ರೋ ಆ ದೇವರೇ ಬಲ್ಲ.

ಕತ್ತಲಲ್ಲಿ ಹೊಳೆಯೋದು

ಒಬ್ಬ ಹೊಸ ಸೊಸೆಗೆ ಕತ್ತಲಲ್ಲಿ ಹಸಿರಾಗಿ ಹೊಳೆಯೋ ಪಾಲಿಶ್ ಹಚ್ಚಿದ್ದೆ. ಎರಡೇ ದಿನಕ್ಕೆ ವಾಪಸ್ ಬಂದಳು. ಕರೆಂಟ್ ಹೋದಾಗ ಅಡುಗೆಮನೆಯಲ್ಲಿ ಹತ್ತು ಹಸಿರು ಚುಕ್ಕಿ ತೇಲಿಕೊಂಡು ಬಂದಿದ್ದನ್ನ ನೋಡಿ ಅವಳ ಅತ್ತೆ ಬಿದ್ದುಹೋದ್ರಂತೆ. ಕುರ್ಚಿ ಹೋಯ್ತು ಅಂತ ಸಾರಿ ಹೇಳೋಕೆ ಬಾಯಿ ತೆಗೆದೆ.

"ಅಯ್ಯೋ, ಸಾರಿ ಯಾಕ್ರೀ?" ಅಂದಳು ಅವಳು. "ಅತ್ತೆ ಈಗ ಅಡುಗೆಮನೆ ಕಡೆ ತಲೆ ಹಾಕಲ್ಲ. ಇನ್ನೊಂದು ಕೋಟ್ ಹಾಕಿ."

ಕೊನೇ ಶನಿವಾರ

ಒಂದು ಶನಿವಾರ ರಿಚರ್ಡ್ಸ್ ಟೌನ್ ಆಂಟಿ ಬರಲಿಲ್ಲ. ಅವರ ಮಗಳ ಫೋನ್ ಬಂತು. ಅಮ್ಮನಿಗೆ ಮನೇಲೇ ಉಗುರು ಹಾಕ್ಬೇಕು, ಆ ಹುಡುಗಿನೇ ಬರಬೇಕು ಅಂತ. "ನಾನೂ ಬರ್ತೀನಿ, ನೀನೊಬ್ಬಳೇ ಹೋಗಿ ಮತ್ತೆ ಕಂಪ್ಲೇಂಟ್ ತರಬೇಡ" ಅಂತ ಮೇಡಮ್ಮೂ ಆಟೋ ಹತ್ತಿದ್ರು.

ಬಂಗಲೆ ಮುಂದೆ ಶಾಮಿಯಾನ, ಕುರ್ಚಿ, ಕಪ್ಪು ಬಟ್ಟೆ ಹಾಕಿದ ಜನ. ಹಾಲ್ ನಡುವೆ ಪೆಟ್ಟಿಗೆ. ಅದರೊಳಗೆ ಆಂಟಿ, ಅದೇ ಹೂವಿನ ಫ್ರಾಕು. ನಾನು ಬಾಗಿಲಲ್ಲೇ ನಿಂತ್ಬಿಟ್ಟೆ.

ಮಗಳು ಅತ್ತತ್ತು ಕಣ್ಣು ಊದಿಸಿಕೊಂಡಿದ್ರು. "ನೀನೇ ಹಾಕ್ಬೇಕು ಅಂತ ಅಮ್ಮ ಮೊದಲೇ ಹೇಳಿದ್ರು ಕಣಮ್ಮ."

"ನಾನಾ? ವಾರ ವಾರ ಬೈತಿದ್ರಲ್ಲ!"

"ಬೇರೆಯವರೆಲ್ಲ ಎದುರು ಮಾತಾಡ್ತಾರಂತೆ. ನೀನೊಬ್ಬಳೇ ಸುಮ್ನೆ ಬೈಸ್ಕೊಳ್ಳೋಳಂತೆ."

ನನಗೆ ಅಳು ಬಂತು, ಸಿಟ್ಟೂ ಬಂತು. ಪೆಟ್ಟಿಗೆ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತೆ. ಕೈ ಹಿಡಿದೆ. ಆ ಕೈ ಯಾವಾಗ್ಲೂ ತಣ್ಣಗೇ ಇರ್ತಿತ್ತಲ್ಲ, ಏನೂ ವ್ಯತ್ಯಾಸ ಅನ್ನಿಸಲಿಲ್ಲ. ಅದಕ್ಕೇ ಭಯ ಆಯ್ತು. ಮರೂನ್ ಬಾಟಲ್ ತೆಗೆದು ಒಂದೊಂದೇ ಬೆರಳಿಗೆ ಹಚ್ಚಿದೆ. ಜೀವಮಾನದಲ್ಲಿ ಮೊದಲ ಸಲ ಆಂಟಿ ಕೈ ಅಲ್ಲಾಡಿಸಲಿಲ್ಲ. ಎಡಗೈ ಕಿರುಬೆರಳನ್ನಂತೂ ಮದುವೆ ಹೆಣ್ಣಿಗೆ ಹಚ್ಚಿದ ಹಾಗೆ ಹಚ್ಚಿದೆ. ಮುಗಿಸಿ, ರೂಢಿ ನೋಡಿ, ಬಾಯಿ ತಪ್ಪಿ ಕೇಳ್ಬಿಟ್ಟೆ:

"ಓಕೆನಾ ಆಂಟಿ?"

ಹಿಂದೆ ಜಪಮಣಿ ಹಿಡಿದಿದ್ದ ಒಬ್ಬ ಹೆಂಗಸು ಎದ್ದು ಹೊರಗೆ ಹೋದ್ರು.

ನಾನು ಹಿತ್ತಲಿಗೆ ಹೋಗಿ ಕೈ ತೊಳೆದು ಬರೋ ಹೊತ್ತಿಗೆ ಮಗಳು ಪೆಟ್ಟಿಗೆ ಮೇಲೆ ಬಗ್ಗಿ ನಿಂತಿದ್ರು. "ನೋಡಮ್ಮ, ಈ ಬೆರಳಿನ ಬಣ್ಣ ಹೋಗಿದೆಯಲ್ಲ?" ಅಂದ್ರು.

ಹೋಗಿ ನೋಡಿದೆ. ಎಡಗೈ ಕಿರುಬೆರಳು. ಬಣ್ಣ ಒರೆಸಿಹೋಗಿ ಫ್ರಾಕಿಗೆ ಮರೂನ್ ಗೆರೆ ಹತ್ತಿದೆ.

ಮೇಡಮ್ ನನ್ನ ಕಡೆ ನೋಡಿದ ನೋಟದಲ್ಲೇ ಕುರ್ಚಿ ಹೋಗಿಬಿಟ್ಟಿತ್ತು. ಸಾರಿ ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ಆದ್ರೆ ಅಷ್ಟು ಶನಿವಾರ ನುಂಗಿದ್ದೆಲ್ಲ ಅದನ್ನ ತಳ್ಳಿಕೊಂಡು ಮುಂದೆ ಬಂತು. ಬೆನ್ನು ನೆಟ್ಟಗೆ ಮಾಡಿ, ಮಗಳ ಕಡೆ ತಿರುಗಿ, ಎಲ್ಲರಿಗೂ ಕೇಳೋ ಹಾಗೆ ಅಂದೆ:

"ಮೇಡಮ್, ನಾನು ಮುಗಿಸಿದಾಗ ಸರಿಯಾಗೇ ಇತ್ತು. ಕೈ ಅಲ್ಲಾಡಿಸಿದ್ದು ನಿಮ್ಮಮ್ಮ."

ಹಾಲಿನಲ್ಲಿದ್ದವರೆಲ್ಲ ಒಂದೊಂದು ಹೆಜ್ಜೆ ಹಿಂದಕ್ಕೆ ಹೋದ್ರು. ಫಾದರ್ ಶಿಲುಬೆ ಗುರುತು ಮಾಡ್ಕೊಂಡ್ರು. ಮಗಳು ನನ್ನನ್ನೇ ನೋಡ್ತಾ ಇದ್ದವರು ಇದ್ದಕ್ಕಿದ್ದ ಹಾಗೆ ಗೊಳ್ ಅಂತ ನಕ್ಕುಬಿಟ್ರು, ಕಣ್ಣಲ್ಲಿ ನೀರು ಸುರೀತಾನೇ ಇತ್ತು. "ಹೌದಮ್ಮ, ಅಲ್ಲಾಡಿಸಿರ್ತಾರೆ! ಅಮ್ಮ ಯಾವತ್ತು ಸುಮ್ನೆ ಕೂತಿದ್ರು?" ಅಂತ ನನ್ನ ತಬ್ಬಿಕೊಂಡ್ರು. ನಾನು ಬೆರಳನ್ನ ಮತ್ತೆ ಸರಿ ಮಾಡಿದೆ. ಪೆಟ್ಟಿಗೆ ಯಾರಾದ್ರೂ ಮುಟ್ಟಿದ್ರಾ ಅಂತ ಕೇಳಿದ್ರೆ, ಒಬ್ಬರೂ ಮುಟ್ಟಿರಲಿಲ್ಲ.

ವಾಪಸ್ ಆಟೋದಲ್ಲಿ ಮೇಡಮ್ ಎರಡೆರಡು ಸಲ ಹಿಂದೆ ತಿರುಗಿ ನೋಡಿದ್ರು. ನಾನೇ ಕೇಳಿದೆ: "ಮೇಡಮ್, ಇದು ಕಂಪ್ಲೇಂಟ್ ಲೆಕ್ಕಕ್ಕೆ ಬರುತ್ತಾ? ನನ್ನ ಕುರ್ಚಿ?"

"ಕುರ್ಚಿ ನಿಂದೇ" ಅಂದ್ರು ಮೇಡಮ್. "ಕಂಪ್ಲೇಂಟ್ ಇದ್ರೆ ಕಸ್ಟಮರ್ರೇ ಅಂಗಡಿಗೆ ಬಂದು ಹೇಳಲಿ."

ಹೇಳಿದ ಮೇಲೆ ಅವರಿಗೂ ಅರ್ಥ ಆಯ್ತು ಅನ್ಸುತ್ತೆ. ಅವತ್ತಿಂದ ನಮ್ಮ ಅಂಗಡಿಗೆ ಶನಿವಾರ ರಜೆ.