ಸೊಂಟವಲ್ಲ, ಸೊಂಟದ ಪಕ್ಕ

ಕತ್ರಿಗುಪ್ಪೆಯ ಆ ಎರಡು ಕೋಣೆಯ ಮನೆಯಲ್ಲಿ ಸೊಂಟನೋವು ಎಂಬುದು ಬಹುಕಾಲ ಯಲ್ಲಮ್ಮನೊಬ್ಬಳದೇ ಆಸ್ತಿಯಾಗಿತ್ತು. ಯಲ್ಲಮ್ಮ ಪೌರಕಾರ್ಮಿಕೆ, ಬೀದಿ ಗುಡಿಸುವ ಕೆಲಸ. ಗಂಡ ವೆಂಕಟಸ್ವಾಮಿ ಜಯನಗರದ ಒಂದು ಪಾರ್ಕಿನಲ್ಲಿ ಮಾಲಿ. ಹೆಂಡತಿ ಸೊಂಟ ಹಿಡಿದುಕೊಂಡು ಬಂದಾಗಲೆಲ್ಲ ಅವನದು ಒಂದೇ ಪ್ರಶ್ನೆ.

"ಪೊರಕೆ ಎಷ್ಟು ತೂಕ ಇರುತ್ತೆ, ಯಲ್ಲೂ? ನನ್ನ ಬೆನ್ನು ನೋಡು, ಕಲ್ಲುಕಂಬ. ಇಪ್ಪತ್ತು ವರ್ಷ ಮಣ್ಣು ಹೊತ್ತಿದೆ."

ಯಲ್ಲಮ್ಮ ಇವನ ಜೊತೆ ವಾದಕ್ಕೆ ಇಳಿಯದೆ ಫಿಸಿಯೋಥೆರಪಿ ಡಾಕ್ಟರ್ ವನಿತಾ ಹತ್ತಿರ ಹೋದಳು. ಅವರು ಹೇಳಿಕೊಟ್ಟಂತೆ ದಿನಾ ಚಾಪೆಯ ಮೇಲೆ ಮಲಗಿ ಕೈಕಾಲು ಎತ್ತಿ ಇಳಿಸಿದಳು. "ನೀರಿಲ್ದೆ ಈಜು ಕಲೀತಿದ್ದೀಯಾ?" ಎಂದು ವೆಂಕಟಸ್ವಾಮಿ ನಕ್ಕ. ನಾಲ್ಕು ತಿಂಗಳಲ್ಲಿ ಅವಳ ನೋವು ಹೋಯಿತು. ಅದು ಇವನ ಗಮನಕ್ಕೆ ಬರಲಿಲ್ಲ. (ಹೆಂಡತಿಯ ನೋವು ಹೋದದ್ದು ಗಂಡಂದಿರಿಗೆ ತಿಳಿಯುವುದಿಲ್ಲ, ಸಾರಿಗೆ ಉಪ್ಪು ಕಮ್ಮಿಯಾದದ್ದು ಮಾತ್ರ ತಕ್ಷಣ ತಿಳಿಯುತ್ತದೆ.)

ಬಡಾವಣೆಯ ಪಾರ್ಕುಗಳ ಸ್ಪರ್ಧೆಗೆ ಇನ್ನೊಂದು ತಿಂಗಳಿತ್ತು. ಆರು ವರ್ಷದಿಂದ ಕೈತಪ್ಪುತ್ತಿದ್ದ ಮೊದಲ ಬಹುಮಾನವನ್ನು ಈ ಸಲ ಬಿಡಬಾರದೆಂದು ಪಾರ್ಕ್ ಸಮಿತಿಯ ಕಾರ್ಯದರ್ಶಿ ಬದರಿನಾಥರು ಪಣ ತೊಟ್ಟಿದ್ದರು. ಅವರ ಎದುರಿನಲ್ಲೇ ವೆಂಕಟಸ್ವಾಮಿ ಕಾಗದದ ಹೂವಿನ ಗಿಡವಿದ್ದ ಸಿಮೆಂಟ್ ಕುಂಡವೊಂದನ್ನು ಬಗ್ಗಿ ಎತ್ತಿ, ಎತ್ತಿದ ವೇಗದಲ್ಲೇ ಪಕ್ಕಕ್ಕೆ ತಿರುಗಿದ. ಸೊಂಟದೊಳಗೆ ಏನೋ ಕಟಕ್ಕೆಂದಿತು. ಕುಂಡ ಕೆಳಗಿಳಿಯಿತು, ಕಲ್ಲುಕಂಬ ಮಾತ್ರ ಮೇಲೇಳಲಿಲ್ಲ.

"ಏನು ವೆಂಕಟಸ್ವಾಮಿ, ಹುಳ ಬಿದ್ದಿದೆಯಾ?" ಬದರಿನಾಥರು ಕೇಳಿದರು.

"ಹೂಂ ಸಾರ್, ಅದನ್ನೇ ನೋಡ್ತಿದ್ದೀನಿ."

ಬದರಿನಾಥರು ಕನ್ನಡಕ ಹಾಕಿಕೊಂಡು ತಾವೂ ಬಗ್ಗಿದರು. ಇಬ್ಬರೂ ಹತ್ತು ನಿಮಿಷ ಇಲ್ಲದ ಹುಳವನ್ನು ಹುಡುಕಿದರು. "ಬಹಳ ಸಣ್ಣದು ಅನ್ಸುತ್ತೆ," ಎಂದು ಬದರಿನಾಥರು ಎದ್ದು ಹೋದ ಮೇಲೆ ವೆಂಕಟಸ್ವಾಮಿ ಗಿಡದ ಕೋಲನ್ನು ಹಿಡಿದು ಅಂಗುಲ ಅಂಗುಲವಾಗಿ ನೆಟ್ಟಗಾದ.

ಅಂದು ಅವನು ಮುದ್ದೆಯನ್ನು ನಿಂತೇ ಉಂಡ. ನಿಂತು ಉಂಡರೆ ಬೇಗ ಜೀರ್ಣವಾಗುತ್ತದೆ ಎಂಬ ಆರೋಗ್ಯಶಾಸ್ತ್ರವನ್ನೂ ಹೇಳಿದ. ಯಲ್ಲಮ್ಮ ಅವನನ್ನೇ ನೋಡುತ್ತಾ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ನೆಲಕ್ಕೆ ಬಿಟ್ಟಳು.

"ಅದನ್ನ ಸ್ವಲ್ಪ ಎತ್ತಿಕೊಡ್ರೀ."

ವೆಂಕಟಸ್ವಾಮಿ ಲೋಟವನ್ನು ಕಾಲಿನಿಂದ ಅವಳ ಕಡೆ ತಳ್ಳಿದ.

"ಸೊಂಟ ಹಿಡ್ಕೊಂಡಿದೆ ಅಂತ ಬಾಯಿ ಬಿಟ್ಟು ಹೇಳಿ."

"ಸೊಂಟ ಅಲ್ಲ. ಸೊಂಟದ ಪಕ್ಕ."

"ಪೊರಕೆ ಎತ್ತಿದ್ರಾ?"

ಹದಿನೈದು ದಿನ ಅಲುಗದೆ ಮಲಗಿಬಿಟ್ಟರೆ ಸರಿಹೋಗುತ್ತದೆ ಎಂಬ ಅವನ ಲೆಕ್ಕಕ್ಕೆ ಯಲ್ಲಮ್ಮ ಸೊಪ್ಪು ಹಾಕಲಿಲ್ಲ. ಮರುದಿನ ನಾಲ್ಕನೇ ಬ್ಲಾಕಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ವನಿತಾ ಡಾಕ್ಟರು ಕಾಲು ಜೋಮು ಹಿಡಿಯುತ್ತದೆಯೇ, ಕಾಲಿನ ಶಕ್ತಿ ಕುಗ್ಗಿದೆಯೇ, ಮೂತ್ರಕ್ಕೆ ತೊಂದರೆಯಿದೆಯೇ ಎಂದೆಲ್ಲ ಕೇಳಿ, ಕಾಲು ಎತ್ತಿಸಿ ನೋಡಿದರು.

"ಹೆದರೋ ಅಂಥದ್ದೇನಿಲ್ಲ. ಆದ್ರೆ ಮಲಗಿಬಿಡಬೇಡಿ. ನಡೆದಾಡ್ತಾ ಇರಿ, ಸದ್ಯಕ್ಕೆ ಭಾರ ಬೇಡ. ಆಮೇಲೆ ಭಾರ ಎತ್ತೋದನ್ನ ಹೊಸದಾಗಿ ಕಲೀಬೇಕು."

"ಯಾರು ಕಲಿಸ್ತಾರೆ ಮೇಡಂ?"

ಡಾಕ್ಟರು ಯಲ್ಲಮ್ಮನ ಕಡೆ ಕೈ ತೋರಿಸಿದರು.

ವೆಂಕಟಸ್ವಾಮಿಯ ಗುರುಕುಲವಾಸ ಹೀಗೆ ಆರಂಭವಾಯಿತು. ಮೊದಲು ಚಾಪೆಯ ಮೇಲೆ ನೀರಿಲ್ಲದ ಈಜು. ನೋವು ಇಳಿದ ಮೇಲೆ ಖಾಲಿ ಕೊಡ, ನಂತರ ಅರ್ಧ ಕೊಡ.

"ಮಂಡಿ ಬಗ್ಗಿಸಿ. ಕೊಡಾನ ಹೊಟ್ಟೆಗೆ ತಬ್ಕೊಳ್ಳಿ."

"ಕೊಡಾನ ಯಾರಾದ್ರೂ ತಬ್ಕೋತಾರಾ?"

"ದೂರ ಹಿಡಿದ್ರೆ ಭಾರ ಎಲ್ಲ ಸೊಂಟಕ್ಕೆ ಬರುತ್ತೆ. ತಿರುಗಬೇಕಾದ್ರೆ ಕಾಲು ತಿರುಗಲಿ, ಸೊಂಟ ಬೇಡ. ಸೊಂಟ ತಿರುಗಿಸೋಕೆ ನೀವೇನು ಡ್ಯಾನ್ಸರ್ರಾ?"

ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ಕಳೆ ಕೀಳುವ ಕುಡುಗೋಲಿಗೆ ತನ್ನ ಹಳೆಯ ಪೊರಕೆಯ ಉದ್ದನೆಯ ಕೋಲು ಕಟ್ಟಿಕೊಟ್ಟಳು. ಹಲಗೆಗೆ ನಾಲ್ಕು ಚಕ್ರ ಬಡಿಸಿ ಕುಂಡಗಳಿಗೆ ಗಾಡಿ ಮಾಡಿಸಿದಳು. ಮಣ್ಣಿನ ಬಕೆಟ್ಟು ಅರ್ಧಕ್ಕಿಂತ ತುಂಬಬಾರದು, ಅರ್ಧ ಗಂಟೆಗೊಮ್ಮೆ ಕೆಲಸ ಬದಲಿಸಬೇಕು, ನಡುನಡುವೆ ನೆಟ್ಟಗೆ ನಿಂತು ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ಬಾಗಬೇಕು ಎಂದು ಆಜ್ಞೆ ಮಾಡಿದಳು. ಪಾರ್ಕಿನಲ್ಲಿ ವಾಕಿಂಗ್ ಮಾಡುವವರು, ಮಾಲಿ ಆಕಾಶ ನೋಡಿ ಮಳೆ ಹೇಳುತ್ತಾನೆಂದು ತಿಳಿದು ಕೊಡೆ ತರತೊಡಗಿದರು.

ಸ್ಪರ್ಧೆಯ ಹಿಂದಿನ ದಿನ ನೂರಿಪ್ಪತ್ತು ಕುಂಡಗಳು ಚಕ್ರದ ಮೇಲೆ ಮಹಾರಾಜರಂತೆ ಸವಾರಿ ಮಾಡಿ ತಂತಮ್ಮ ಜಾಗ ಸೇರಿದವು. ಸೊಂಟದ ಪಕ್ಕದಿಂದ ತಕರಾರು ಬರಲಿಲ್ಲ. ಮೊದಲ ಬಹುಮಾನ ಬಂದೇಬಂತು. ಬದರಿನಾಥರು ವೆಂಕಟಸ್ವಾಮಿಗೆ ಶಾಲು ಹೊದಿಸಿ ಮೈಕು ಕೈಗಿತ್ತರು.

"ಬೇರೆ ಪಾರ್ಕಿನ ಮಾಲಿಗಳೆಲ್ಲ ಬೆನ್ನು ಹಿಡ್ಕೊಂಡು ಕೂತಿದ್ದಾರೆ. ನಿಮ್ಮ ಗುಟ್ಟೇನು ಹೇಳಿ."

ಶಾಲಿನ ಬಿಸಿ ತಲೆಗೇರಿತು. "ಇದು ನನ್ನ ಇಪ್ಪತ್ತು ವರ್ಷದ ಸಂಶೋಧನೆ ಸಾರ್," ಎಂದ ವೆಂಕಟಸ್ವಾಮಿ. "ನಾನೇ ಕಂಡುಹಿಡಿದ ವಿಧಾನ. ತೋರಿಸ್ತೀನಿ, ನೋಡಿ." ಎಲ್ಲರ ಕಣ್ಣು ತನ್ನ ಮೇಲಿದೆ ಎಂಬ ಸಂಭ್ರಮದಲ್ಲಿ, ವೇದಿಕೆಯ ಕುಂಡದ ಮುಂದೆ ಕಾಲು ನೆಟ್ಟಗಿಟ್ಟುಕೊಂಡು ಮೊದಲಿನ ಹಾಗೆಯೇ ಬಗ್ಗಿದ.

"ಮಂಡಿ," ಎಂದಿತು ಮುಂದಿನ ಸಾಲಿನಿಂದ ಒಂದು ಧ್ವನಿ.

ವೆಂಕಟಸ್ವಾಮಿಯ ಮಂಡಿಗಳು ತಾವಾಗಿಯೇ ಮಡಚಿಕೊಂಡವು.

"ಹೊಟ್ಟೆಗೆ."

ಕುಂಡ ಹೊಟ್ಟೆಗೆ ಬಂತು. ಸಭೆಯ ತಲೆಗಳೆಲ್ಲ ವಿಜ್ಞಾನಿಯನ್ನು ಬಿಟ್ಟು ಯಲ್ಲಮ್ಮನ ಕಡೆ ತಿರುಗಿದವು. ಬದರಿನಾಥರು ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಹಿಗಳ ಅಸಲಿ ನಕಲಿ ನೋಡಿದವರು; ಹೆಚ್ಚು ಹೇಳಬೇಕಾಗಲಿಲ್ಲ. ಇನ್ನೊಂದು ಶಾಲು ತರಿಸಿದರು. ಪ್ರತಿ ಶನಿವಾರ ಸುತ್ತಲಿನ ಮಾಲಿಗಳಿಗೆಲ್ಲ ಯಲ್ಲಮ್ಮನವರಿಂದ ತರಬೇತಿ ಎಂದು ಅಲ್ಲೇ ಘೋಷಿಸಿದರು.

"ನನಗೊಬ್ರು ಸಹಾಯಕ್ಕೆ ಬೇಕಾಗ್ತಾರೆ ಸಾರ್," ಎಂದಳು ಯಲ್ಲಮ್ಮ. "ತಪ್ಪು ಹೇಗೆ ಮಾಡೋದು ಅಂತ ತೋರಿಸೋಕೆ. ನಮ್ಮನೆಯವರೇ ಆಗ್ಬಹುದು. ಒಳ್ಳೆ ಅನುಭವ ಇದೆ."

ಮೊದಲ ಶನಿವಾರ ಮೂವತ್ತು ಮಾಲಿಗಳು ಬಂದರು. ವೆಂಕಟಸ್ವಾಮಿ ಖಾಲಿ ಪ್ಲಾಸ್ಟಿಕ್ ಕುಂಡವೊಂದನ್ನು ಕಾಲು ನೆಟ್ಟಗಿಟ್ಟು ಎತ್ತಿ, ಸೊಂಟ ತಿರುಗಿಸಿ, "ಅಯ್ಯಮ್ಮಾ" ಎಂದು ನರಳಿ, ಬಗ್ಗಿದ ಹಾಗೆಯೇ ನಿಂತುಬಿಟ್ಟ. ಅಷ್ಟು ನಿಖರವಾದ ತಪ್ಪನ್ನು ಯಾರೂ ಕಂಡಿರಲಿಲ್ಲ. ಮೂವತ್ತು ಮಂದಿಯೂ ಚಪ್ಪಾಳೆ ತಟ್ಟಿದರು, ಯಲ್ಲಮ್ಮನೂ ತಟ್ಟಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನ ತಪ್ಪಿಗೆ ಅವಳು ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ವೆಂಕಟಸ್ವಾಮಿ ಬಗ್ಗಿದಲ್ಲಿಂದಲೇ ತಲೆಯೆತ್ತಿ, "ಹಿಂದೆ ಕೂತೋರಿಗೆ ಕಾಣಿಸ್ಲಿಲ್ಲ ಅನ್ಸುತ್ತೆ. ಇನ್ನೊಂದ್ಸಲ ಮಾಡ್ಲಾ?" ಎಂದು ಕೇಳಿದ.